ಒಂದು ಗೇಣು ಎತ್ತರದ ಚಳಿ

ಬೆಂಗಳೂರಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. 1884ರ ಜನವರಿ 13, ಸಂಕ್ರಾಂತಿ ಆಸುಪಾಸು. ಪ್ರತಿ ವರ್ಷ ಮಾಗಿ ಚಳಿ ಹಿಡಿದ ಕೂಡಲೇ ಪೇಪರಿನವರು ಈ ಅಂಕಿ ತೆಗೆದು ಹಾಕ್ತಾರೆ, ನಾವೂ ವಾಟ್ಸಾಪಲ್ಲಿ ಕಳಿಸ್ತೀವಿ. ಈ ಸಲ ನನಗೆ ಬೇರೆ ಪ್ರಶ್ನೆ ಬಂತು. ಪೇಪರಲ್ಲಿ ಬರೋ ಕನಿಷ್ಠ ಉಷ್ಣಾಂಶ ನೆಲದಿಂದ ಎಷ್ಟು ಎತ್ತರದ್ದು? ಹವಾಮಾನ ಇಲಾಖೆಯ ಬಿಳಿ ಬಣ್ಣದ ಜಾಲರಿ ಪೆಟ್ಟಿಗೆ ನೋಡಿರ್ತೀರಿ, ಕಾಲು ಮೇಲೆ ನಿಲ್ಲಿಸಿರ್ತಾರಲ್ಲ, ಸ್ಟೀವನ್‌ಸನ್ ಪೆಟ್ಟಿಗೆ ಅಂತ. ಅದರೊಳಗಿನ ಥರ್ಮಾಮೀಟರ್ ನೆಲದಿಂದ ಸುಮಾರು ನಾಲ್ಕು ಅಡಿ ಮೇಲೆ ಇರುತ್ತೆ. ನಮ್ಮ ಟೊಮೇಟೊ ಒಟ್ಲು ಪಾತಿಯ ಸಸಿ ಎಷ್ಟೆತ್ತರ? ಒಂದು ಗೇಣೂ ಇಲ್ಲ. ನಾಲ್ಕಡಿ ಮೇಲಿನ ಚಳಿ ಓದಿಕೊಂಡು ಗೇಣುದ್ದದ ಸಸಿಗೆ ಏನಾಯ್ತು ಅಂತ ಲೆಕ್ಕ ಹಾಕ್ತಾ ಇದ್ದೀವಿ.

ಇದನ್ನು ಈಗ ಬರೆಯೋಕೆ ಕಾರಣ ನಿಮಗೆ ಗೊತ್ತಿದೆ. ಬಿದರಹಳ್ಳಿ ಹೋಬಳಿ ಕಡೆಯ ನಾವು ಹನ್ನೆರಡು ಜನ ದುಡ್ಡು ಹಾಕಿ ಒಂದು ಹವಾಮಾನ ಯಂತ್ರ ತರಿಸೋ ಮಾತು ನಡೀತಿದೆ. ಮಾರೋ ಹುಡುಗ ಬಂದವನು, "ಸಾರ್, ಮನೆ ತಾರಸಿ ಮೇಲೆ ಹಾಕಿಬಿಡೋಣ, ಸಿಗ್ನಲ್ ಚೆನ್ನಾಗಿ ಬರುತ್ತೆ, ಕಳ್ಳತನದ ಭಯ ಇಲ್ಲ" ಅಂದ. ಸಿಗ್ನಲ್ ಚೆನ್ನಾಗಿ ಬರುತ್ತೆ, ಸರಿ. ಆದರೆ ತಾರಸಿ ಮೇಲೆ ಅವರೆ ಬೆಳೆಯಲ್ವಲ್ಲ. ಈ ಎತ್ತರದ ಜಗಳಕ್ಕೆ ತೊಂಬತ್ತು ವರ್ಷ ಮೀರಿದ ಚರಿತ್ರೆ ಇದೆ, ಅದರಲ್ಲಿ ಮುಕ್ಕಾಲು ಪಾಲು ಆಮೇಲಿನ ಕೆಲಸ ನಡೆದಿದ್ದು ನಮ್ಮ ಬೆಂಗಳೂರಲ್ಲೇ. ದುಡ್ಡು ಕೊಡೋ ಮುಂಚೆ ಅದನ್ನೊಂದು ಸಲ ಓದಿಬಿಡಿ.

ಅಳತೆ ಅಂದ್ರೆ ಏನು ಅನ್ನೋದಕ್ಕೆ ನಮ್ಮ ಸೀಮೆಗೆ ಹಳೇ ನಂಟು ಇದೆ. 1800ರಲ್ಲಿ, ಟಿಪ್ಪು ಸತ್ತ ಮರುವರ್ಷ, ವಿಲಿಯಂ ಲ್ಯಾಂಬ್ಟನ್ ಅನ್ನೋ ಸೈನ್ಯಾಧಿಕಾರಿ ಬೆಂಗಳೂರು ಹತ್ತಿರ ಭೂಮಾಪನಕ್ಕೆ ಅಂತ ಏಳು ಮೈಲಿಗೂ ಮಿಕ್ಕಿ ಒಂದು ಗೆರೆ ಅಳೆದ. ನೂರು ಅಡಿಯ ಉಕ್ಕಿನ ಸರಪಳಿ. ಬಿಸಿಲಿಗೆ ಉಕ್ಕು ಹಿಗ್ಗುತ್ತೆ, ಚಳಿಗೆ ಕುಗ್ಗುತ್ತೆ, ಅದಕ್ಕೇ ಸರಪಳಿಯನ್ನು ಮರದ ತೊಟ್ಟಿಯಲ್ಲಿ ಮಲಗಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಉಷ್ಣಾಂಶ ಬರೆದುಕೊಂಡು ಉದ್ದ ಸರಿಪಡಿಸುತ್ತಿದ್ದರು. ಭೂಮಿ ಅಳೆಯೋನಿಗೂ ಗಾಳಿಯ ಬಿಸಿ ಎಷ್ಟು ಅಂತ ಗೊತ್ತಿಲ್ಲದೆ ಕೆಲಸ ನಡೀತಿರಲಿಲ್ಲ. ಅದೇ ಸರ್ವೆ ಮುಂದುವರಿದು 1868ರಲ್ಲಿ ಮತ್ತೊಂದು ಗೆರೆ ಅಳೆದಾಗ ಅದರ ಒಂದು ತುದಿ ನಮ್ಮ ಕಣ್ಣೂರಲ್ಲಿತ್ತು. ಅಲ್ಲಿನ ಹಳೇ ಕಟ್ಟಡ ಈಚೆಗೆ ಕುಸಿದು ಹೋಯಿತು. ನಾವ್ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ ಅನ್ನೋದು ಬೇರೆ ಮಾತು. 1890ರ ದಶಕದಲ್ಲಿ ಮೈಸೂರು ಸರ್ಕಾರ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗ ಈ ನಾಲ್ಕು ಕಡೆ ಹವಾಮಾನ ವೀಕ್ಷಣಾಲಯ ತೆರೆಯಿತು. ಬೆಂಗಳೂರಿನದನ್ನು ನೋಡಿಕೊಂಡವರು ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲ್ ಜಾನ್ ಕುಕ್. ಇವರೆಲ್ಲ ಅಳೆದದ್ದು ಊರಿನ ಹವೆ. ಹೊಲದ ಹವೆ ಅಳೆಯಬೇಕು ಅಂತ ಹೊರಟವರು ಎಲ್.ಎ. ರಾಮದಾಸ್.

ರಾಮದಾಸ್ ಪಾಲಕ್ಕಾಡಿನ ಕಡೆಯವರು, 1900ರಲ್ಲಿ ಹುಟ್ಟಿದವರು. ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದು, 1926ರಲ್ಲಿ ಹವಾಮಾನ ಇಲಾಖೆ ಸೇರಿದರು. ಆಗಿನ ಕೃಷಿ ರಾಯಲ್ ಕಮಿಷನ್, ಬೆಳೆಗೂ ಹವಾಮಾನಕ್ಕೂ ಇರೋ ಸಂಬಂಧ ಸರಿಯಾಗಿ ಅಧ್ಯಯನ ಮಾಡಿ ಅಂತ 1928ರಲ್ಲಿ ಹೇಳಿತ್ತು. ಅದರ ಫಲವಾಗಿ 1932ರಲ್ಲಿ ಪುಣೆಯಲ್ಲಿ ಕೃಷಿ ಹವಾಮಾನ ವಿಭಾಗ ಶುರುವಾಯಿತು, ರಾಮದಾಸ್ ಅದರ ಮುಖ್ಯಸ್ಥ. ಅವರ ಕಚೇರಿ ಅಂದ್ರೆ ಕೃಷಿ ಕಾಲೇಜಿನ ಹೊಲ.

ಆ ವರ್ಷವೇ ಅವರೂ ಅವರ ಜೊತೆಗಾರ ಎಸ್. ಆತ್ಮನಾಥನ್ ಅವರೂ ಒಂದು ಪುಟ್ಟ ಲೇಖನ ಪ್ರಕಟಿಸಿದರು. ಎರಡೇ ಪುಟ. ಅದರಲ್ಲಿ ಇದ್ದ ಸಂಗತಿ ಇಷ್ಟು: ಮೋಡ ಇಲ್ಲದ, ಗಾಳಿ ಅಲುಗಾಡದ ರಾತ್ರಿ, ಬರಿ ನೆಲದ ಮೇಲೆ ಎತ್ತರೆತ್ತರಕ್ಕೆ ಥರ್ಮಾಮೀಟರ್ ಇಟ್ಟು ನೋಡಿದರೆ ಅತಿ ತಣ್ಣಗಿರೋದು ನೆಲಕ್ಕೆ ಅಂಟಿದ ಗಾಳಿ ಅಲ್ಲ. ನೆಲದಿಂದ ಸ್ವಲ್ಪ ಮೇಲೆ, ಕೆಲವು ಹತ್ತು ಸೆಂಟಿಮೀಟರ್ ಎತ್ತರದಲ್ಲಿ ಇರೋ ಗಾಳಿ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಒಂದು ಗೇಣಿಗೂ ಒಂದು ಮೊಳಕ್ಕೂ ನಡುವೆ. ನೆಲಕ್ಕಿಂತ ಅಲ್ಲಿ ಒಂದು ಡಿಗ್ರಿಯಿಂದ ಹಿಡಿದು ಕೆಲವು ಡಿಗ್ರಿವರೆಗೆ ಕಡಿಮೆ.

ಇದರಲ್ಲಿ ಏನು ವಿಶೇಷ ಅಂತೀರಾ? ಆಗಿನ ಪುಸ್ತಕಗಳೆಲ್ಲ ಹೇಳುತ್ತಿದ್ದುದು ಬೇರೆ. ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತೆ, ನೆಲ ಮೊದಲು ತಣ್ಣಗಾಗುತ್ತೆ, ಅದನ್ನು ಮುಟ್ಟಿದ ಗಾಳಿ ಆಮೇಲೆ. ಹಾಗಾಗಿ ಅತಿ ಚಳಿ ನೆಲದಲ್ಲೇ ಇರಬೇಕು, ಮೇಲೆ ಹೋದಷ್ಟೂ ಬೆಚ್ಚಗೆ. ಇನ್ನೂ ಒಂದು ತೊಡಕಿದೆ. ತಣ್ಣನೆ ಗಾಳಿ ಭಾರ, ಬೆಚ್ಚನೆ ಗಾಳಿ ಹಗುರ. ಒಲೆ ಮೇಲಿನ ಪಾತ್ರೆಯಲ್ಲಿ ತಳದ ಬಿಸಿನೀರು ಮೇಲಕ್ಕೆ ಏಳೋ ಹಾಗೆ, ನೆಲದ ಹತ್ತಿರದ ಬೆಚ್ಚನೆ ಗಾಳಿ ಮೇಲೆದ್ದು ತಣ್ಣನೆ ಪದರವನ್ನು ಕಲಸಿಬಿಡಬೇಕಿತ್ತು. ಕಲಸಲಿಲ್ಲ. ಗಂಟೆಗಟ್ಟಲೆ ಹಾಗೇ ನಿಂತಿರುತ್ತಿತ್ತು. ಇರಬಾರದ್ದು ಇದೆ ಅಂತ ಇಬ್ಬರು ಭಾರತೀಯರು ಹೇಳಿದಾಗ ಹೊರದೇಶದ ಪಂಡಿತರು ಏನು ಮಾಡ್ತಾರೆ? ಅಳತೆ ತಪ್ಪಿರಬೇಕು ಅಂದರು. ಪಕ್ಕದ ಹುಲ್ಲುಗಾವಲಿನಿಂದಲೋ ತಗ್ಗಿನಿಂದಲೋ ತಣ್ಣನೆ ಗಾಳಿ ಹರಿದು ಬಂದಿರಬೇಕು ಅಂದವರೂ ಇದ್ದರು.

ನನ್ನ ಅಭಿಪ್ರಾಯ ಹೇಳಬೇಕೆಂದರೆ, ಅವರ ಅನುಮಾನ ಪೂರ್ತಿ ಕೆಟ್ಟ ಉದ್ದೇಶದ್ದೇನೂ ಅಲ್ಲ. ಥರ್ಮಾಮೀಟರ್ ಅನ್ನೋದು ಗಾಳಿಯ ಉಷ್ಣಾಂಶ ತೋರಿಸಲ್ಲ, ತನ್ನದೇ ಉಷ್ಣಾಂಶ ತೋರಿಸುತ್ತೆ. ಬಯಲಲ್ಲಿ ಬರಿದೇ ತೂಗುಹಾಕಿದ ದಪ್ಪ ಥರ್ಮಾಮೀಟರ್ ತಾನೇ ಆಕಾಶಕ್ಕೆ ಶಾಖ ಬಿಟ್ಟು ಗಾಳಿಗಿಂತ ತಣ್ಣಗಾಗುತ್ತೆ. ಬೆಳಗಿನ ಜಾವ ಬೈಕಿನ ಸೀಟು ಮುಟ್ಟಿ ನೋಡಿ, ಸುತ್ತಲಿನ ಗಾಳಿಗಿಂತ ತಣ್ಣಗೆ, ಮೇಲೆ ಇಬ್ಬನಿ. ಮರದಡಿ ನಿಲ್ಲಿಸಿದ ಬೈಕಿನ ಸೀಟು ಒಣಗಿರುತ್ತೆ, ಮರ ಆಕಾಶವನ್ನು ಮುಚ್ಚಿರುತ್ತಲ್ಲ. ಥರ್ಮಾಮೀಟರಿಗೂ ಅದೇ ಕತೆ. ಆದರೆ ಒಂದು ಮಾತು. ಅದೇ ತಪ್ಪು ಎಲ್ಲ ಎತ್ತರದಲ್ಲೂ ಆಗಬೇಕಿತ್ತಲ್ಲ? ಗೇಣು ಮೊಳದ ನಡುವೆ ಮಾತ್ರ ಯಾಕೆ? ರಾಮದಾಸ್ ಬಿಡಲಿಲ್ಲ. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ನೆಲದ ಮೇಲೆ ಅಳೆಯುತ್ತಾ ಹೋದರು. ಒಂದೂರಿನ ಮಣ್ಣಿನ ಗುಣ ಇರಬಹುದು ಅನ್ನೋ ಮಾತು ಅಲ್ಲಿಗೆ ಬಿತ್ತು.

ಕೊನೆಗೆ ಜರ್ಮನಿಯಿಂದ ರಾಶ್ಕೆ ಅನ್ನೋ ವಿಜ್ಞಾನಿ ಪುಣೆಗೇ ಬಂದು, ಇನ್ನೂ ಸೂಕ್ಷ್ಮ ಉಪಕರಣಗಳಿಂದ ಬರಿ ನೆಲದ ಮೇಲೆ ರಾತ್ರಿ ಅಳತೆ ಮಾಡಿದರು. 1957ರಲ್ಲಿ ಪ್ರಕಟಿಸಿದರು. ರಾಮದಾಸ್ ಹೇಳಿದ್ದು ನಿಜ. ಎರಡು ಪುಟದ ಲೇಖನ ನಂಬೋಕೆ ಜಗತ್ತಿಗೆ ಇಪ್ಪತ್ತೈದು ವರ್ಷ ಬೇಕಾಯ್ತು. ಈಗ ಆ ಪದರಕ್ಕೆ ರಾಮದಾಸ್ ಪದರ ಅಂತಲೇ ಹೆಸರು.

ಇದೆ ಅನ್ನೋದು ಗೊತ್ತಾಯ್ತು, ಯಾಕಿದೆ ಅನ್ನೋದು ಗೊತ್ತಾಗಲಿಲ್ಲ. ಇಲ್ಲಿಂದ ಕತೆ ಬೆಂಗಳೂರಿಗೆ, ಅದರಲ್ಲೂ ನಮ್ಮ ಪೂರ್ವದ ದಿಕ್ಕಿಗೆ ಬರುತ್ತೆ. ಹಲಸೂರು, ಇಂದಿರಾನಗರ ದಾಟಿ ಹಳೇ ಏರ್‌ಪೋರ್ಟ್ ರೋಡಲ್ಲಿ ಬಂದರೆ ಕೋಡಿಹಳ್ಳಿಯಲ್ಲಿ ಎನ್‌ಎಎಲ್ ಇದೆ, ವಿಮಾನ ಸಂಶೋಧನೆಯ ಸಂಸ್ಥೆ. 1984ರಿಂದ 1993ರವರೆಗೆ ಅದರ ನಿರ್ದೇಶಕರು ರೊದ್ದಂ ನರಸಿಂಹ. ಬೆಂಗಳೂರಲ್ಲೇ ಹುಟ್ಟಿ ಬೆಳೆದವರು. ಅವರ ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದವರು, ಕನ್ನಡದಲ್ಲಿ ವಿಜ್ಞಾನ ಬರೆದ ಮೊದಮೊದಲ ಸಾಲಿನವರು. ಮಗ ವಿಮಾನದ ರೆಕ್ಕೆ ಮೇಲೆ ಗಾಳಿ ಹೇಗೆ ಹರಿಯುತ್ತೆ ಅನ್ನೋದರಲ್ಲಿ ಪಂಡಿತ. ರೆಕ್ಕೆಗೆ ಅಂಟಿದ ಗಾಳಿಯ ಪದರ, ನೆಲಕ್ಕೆ ಅಂಟಿದ ಗಾಳಿಯ ಪದರ, ಎರಡಕ್ಕೂ ಗಣಿತ ಹತ್ತಿರದ್ದೇ. ಹಾಗೆ ಅವರು ಮಳೆ ಗಾಳಿಯ ಕಡೆ ಬಂದರು.

1990ರ ಮುಂಗಾರಿನಲ್ಲಿ ಅವರೂ, ಐಐಎಸ್‌ಸಿಯವರೂ, ಹವಾಮಾನ ಇಲಾಖೆಯವರೂ, ಇನ್ನೂ ಹಲವು ಸಂಸ್ಥೆಗಳವರೂ ಸೇರಿ ದೊಡ್ಡ ಬಯಲು ಪ್ರಯೋಗವೊಂದನ್ನು ಮಾಡಿದರು. ಮಾಂಟ್‌ಬ್ಲೆಕ್ಸ್ ಅಂತ ಹೆಸರು. ಉತ್ತರ ಭಾರತದಲ್ಲಿ ಮುಂಗಾರಿನ ಕಡಿಮೆ ಒತ್ತಡದ ಪಟ್ಟಿ ರಾಜಸ್ಥಾನದಿಂದ ಬಂಗಾಳದವರೆಗೆ ಚಾಚಿರುತ್ತೆ. ಅದರ ಒಣ ತುದಿಯಲ್ಲಿ ಜೋಧ್‌ಪುರ, ಒದ್ದೆ ತುದಿಯಲ್ಲಿ ಖರಗ್‌ಪುರ, ನಡುವೆ ದೆಹಲಿ, ವಾರಾಣಸಿ. ನಾಲ್ಕೂ ಕಡೆ 30 ಮೀಟರ್ ಎತ್ತರದ ಕಂಬ ನಿಲ್ಲಿಸಿ, ಕಂಬಕ್ಕೆ ಆರು ಎತ್ತರದಲ್ಲಿ ಉಪಕರಣ ಕಟ್ಟಿದರು. ಕೆಳಗೆ ಒತ್ತೊತ್ತಾಗಿ, ಮೇಲೆ ಹೋದ ಹಾಗೆ ದೂರ ದೂರ. ಯಾಕಂದ್ರೆ ಬದಲಾವಣೆ ಜಾಸ್ತಿ ಇರೋದು ನೆಲದ ಹತ್ತಿರ. ಸಾಗರ್ ಕನ್ಯಾ ಹಡಗು ಸಮುದ್ರದಲ್ಲಿ. ಒಂದೇ ಊರಲ್ಲಿ ನೂರು ಉಪಕರಣ ಇಡೋದಕ್ಕಿಂತ ಒಣ ಊರು ಒದ್ದೆ ಊರು ಎರಡರಲ್ಲೂ ಒಂದೇ ಥರದ ಕಂಬ ಇಡೋದು ಮೇಲು, ಹೋಲಿಸೋಕೆ ಬರುತ್ತೆ. ಮುಂದೆ 1999ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಬಾಬ್‌ಮೆಕ್ಸ್ ಅಂತ ಇನ್ನೊಂದು ಮಾಡಿದರು, ಅದರ ಮುಂದಾಳು ಐಐಎಸ್‌ಸಿಯ ಜಿ.ಎಸ್. ಭಟ್.

ರಾಮದಾಸ್ ಪದರಕ್ಕೆ ವಾಪಸ್ ಬರ್ತೀನಿ. 1993ರಲ್ಲಿ ವಾಸುದೇವ ಮೂರ್ತಿ, ಜೆ. ಶ್ರೀನಿವಾಸನ್, ನರಸಿಂಹ ಮೂವರೂ ಸೇರಿ ಅದಕ್ಕೊಂದು ಸಿದ್ಧಾಂತ ಕೊಟ್ಟರು. ಮೂವರೂ ಬೆಂಗಳೂರಿನ ಸಂಸ್ಥೆಗಳವರು. ನೆಲ ಶಾಖ ಬಿಡೋ ರೀತಿಗೂ ಗಾಳಿ ಶಾಖ ಬಿಡೋ ರೀತಿಗೂ ಇರೋ ವ್ಯತ್ಯಾಸದಿಂದ ನೆಲದ ಹತ್ತಿರದ ಗಾಳಿ ಬೇಗ ತಣ್ಣಗಾಗುತ್ತೆ ಅಂತ. ಲಂಡನ್ನಿನ ರಾಯಲ್ ಸೊಸೈಟಿ ಪ್ರಕಟಿಸಿತು. ಅಲ್ಲಿಗೆ ಮುಗೀತು ಅಂತ ಬಹಳ ಜನ ಅಂದುಕೊಂಡರು. ಹದಿನೈದಿಪ್ಪತ್ತು ವರ್ಷದ ಮೇಲೆ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಕೆ.ಆರ್. ಶ್ರೀನಿವಾಸ್, ಗಣೇಶ್ ಸುಬ್ರಮಣಿಯನ್ ಮತ್ತು ಅವರ ವಿದ್ಯಾರ್ಥಿಗಳು ಅದೇ ಲೆಕ್ಕವನ್ನು ಮತ್ತೆ ಬಿಡಿಸಿದರು. ಲೆಕ್ಕದೊಳಗೆ ಒಂದು ದೋಷ ಇದೆ, ಆ ಸಿದ್ಧಾಂತ ತೋರಿಸೋ ಅತಿ ತಂಪು ಆ ದೋಷದಿಂದ ಹುಟ್ಟಿದ್ದು ಅಂತ ತೋರಿಸಿದರು. ನರಸಿಂಹ ಅವರೂ ಆಗ ಅದೇ ಕೇಂದ್ರದಲ್ಲಿ ಇದ್ದವರು! ಹಿರಿಯರ ಲೆಕ್ಕ ತಪ್ಪು ಅಂತ ಅದೇ ಕಾಂಪೌಂಡಿನಲ್ಲಿ ಕೂತು ಬರೆಯೋಕೆ ಆಗುತ್ತೆ ಅಂದ್ರೆ ಆ ಜಾಗದ ಬಗ್ಗೆ ನನಗೆ ಗೌರವ ಜಾಸ್ತಿಯಾಗುತ್ತೆ.

ಹಾಗಾದ್ರೆ ಕಾರಣ ಏನು? ಅವರು ಬೆಂಗಳೂರಿನ ಸುತ್ತಮುತ್ತ ಬಯಲಲ್ಲಿ ರಾತ್ರಿ ಪ್ರಯೋಗ ಮಾಡಿದರು, ಪ್ರಯೋಗಾಲಯದೊಳಗೂ ಅದೇ ಸ್ಥಿತಿ ತಂದು ನೋಡಿದರು. ಅವರ ಉತ್ತರ: ಗಾಳಿಯಲ್ಲಿ ತೇಲೋ ಸೂಕ್ಷ್ಮ ಕಣಗಳು. ಧೂಳು, ಹೊಗೆ, ಅಂಥವು. ಸಂಜೆ ಗಾಳಿ ನಿಂತ ಮೇಲೆ ಈ ಕಣಗಳು ನೆಲದ ಹತ್ತಿರ ದಟ್ಟವಾಗಿರ್ತವೆ. ಪ್ರತಿ ಕಣವೂ ನಮ್ಮ ಬೈಕ್ ಸೀಟಿನ ಹಾಗೆ ಆಕಾಶಕ್ಕೆ ಶಾಖ ಬಿಟ್ಟು ತಣ್ಣಗಾಗಿ, ಸುತ್ತಲಿನ ಗಾಳಿಯನ್ನೂ ತಣ್ಣಗೆ ಮಾಡುತ್ತೆ. ನೆಲಕ್ಕೆ ಮಾತ್ರ ಕೆಳಗಿನ ಮಣ್ಣಿನಿಂದ ಹಗಲಿನ ಶಾಖ ಬರ್ತಾನೇ ಇರುತ್ತೆ. ಹಾಗಾಗಿ ನೆಲ ಸ್ವಲ್ಪ ಬೆಚ್ಚಗೆ, ಗೇಣು ಮೇಲೆ ತಣ್ಣಗೆ. ಗಾಳಿ ಬೀಸಿದರೆ ಎಲ್ಲ ಕಲಸಿ ಹೋಗುತ್ತೆ. ಮೋಡ ಬಂದರೆ ಕಂಬಳಿ ಹೊದ್ದ ಹಾಗೆ, ಶಾಖ ಹೊರಗೆ ಹೋಗಲ್ಲ. ಇದೇ ಕೆಲಸ ಮುಂದುವರಿದು ದೇವನಹಳ್ಳಿ ವಿಮಾನ ನಿಲ್ದಾಣದ ಮಂಜಿನ ಅಧ್ಯಯನಕ್ಕೂ ಹೋಯಿತು. ಚಳಿಗಾಲದ ಬೆಳಗ್ಗೆ ಅಲ್ಲಿ ವಿಮಾನ ತಡ ಆಗೋದು ಓದಿರ್ತೀರಲ್ಲ, ಆ ಮಂಜು.

ವಿಮಾನಕ್ಕೆ ಮಂಜು ಹೇಗೋ ನಮಗೆ ಇಬ್ಬನಿ ಹಾಗೆ. ಅವರೆಗೆ ಇಬ್ಬನಿ ಬಿದ್ದಷ್ಟೂ ಸೊಗಡು, ಸರಿ. ಅದೇ ಇಬ್ಬನಿ ಟೊಮೇಟೊ ಎಲೆ ಮೇಲೆ, ದ್ರಾಕ್ಷಿ ಎಲೆ ಮೇಲೆ ಹೊತ್ತು ಏರೋವರೆಗೆ ನಿಂತರೆ ಅಂಗಮಾರಿಗೂ ಬೂಜು ರೋಗಕ್ಕೂ ಎಲೆ ಹಾಸಿ ಕರೆದ ಹಾಗೆ. ಎಲೆ ಎಷ್ಟು ತಣ್ಣಗಾಯ್ತು, ಎಷ್ಟು ಗಂಟೆ ಒದ್ದೆ ಇತ್ತು ಅನ್ನೋದರ ಮೇಲೆ ಔಷಧಿ ಹೊಡೆಯಬೇಕೋ ಬೇಡವೋ ಅನ್ನೋದು ನಿಂತಿದೆ. ಒಂದು ಸಲದ ಔಷಧಿ ಖರ್ಚು ಎಷ್ಟು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ತಾರಸಿ ಮೇಲಿನ ಯಂತ್ರ ರಾತ್ರಿಯೆಲ್ಲ ಕಾಂಕ್ರೀಟ್ ಬಿಟ್ಟ ಶಾಖ ಕುಡಿದು, "ಏನೂ ತೊಂದರೆ ಇಲ್ಲ" ಅಂತ ಮೊಬೈಲಿಗೆ ಕಳಿಸುತ್ತೆ.

ಇನ್ನೊಂದು ಮಾತು, ಹೋಲಿಕೆ ಬಗ್ಗೆ. 2017ರ ಆಗಸ್ಟ್ 21ಕ್ಕೆ ಜಕ್ಕೂರಿನಲ್ಲಿ ಸರ್ಕಾರ ಮೋಡ ಬಿತ್ತನೆ ಶುರು ಮಾಡ್ತು, ವರ್ಷಧಾರಿ ಅಂತ. ಆ ವರ್ಷ ಬೆಂಗಳೂರಲ್ಲಿ ಅಲ್ಲಿವರೆಗಿನ ದಾಖಲೆ ಮುರಿದ ಮಳೆ, ಸುಮಾರು 1,700 ಮಿಲಿಮೀಟರ್. ಬಿತ್ತನೆಯಿಂದಲೇ ಬಂತು ಅಂದವರು ನಮ್ಮಲ್ಲೇ ಇದ್ದಾರೆ. ಆದರೆ ಕೋರಮಂಗಲ ಮುಳುಗಿದ ಮಳೆ ಬಂದಿದ್ದು ಆಗಸ್ಟ್ 15ರ ಬೆಳಗಿನ ಜಾವ, ವಿಮಾನ ಹಾರೋಕೆ ಆರು ದಿನ ಮುಂಚೆ. ವಿಮಾನ 10ನೇ ತಾರೀಕು ಹಾರಿದ್ದಿದ್ದರೆ ಆ ಮಳೆಯೂ ಅದರ ಲೆಕ್ಕಕ್ಕೇ ಹೋಗ್ತಿತ್ತು. ಬಿತ್ತದೆ ಇದ್ದಿದ್ದರೆ ಎಷ್ಟು ಬರ್ತಿತ್ತು ಅಂತ ಗೊತ್ತಿಲ್ಲದೆ ಏನೂ ಹೇಳೋಕಾಗಲ್ಲ. ಪುಣೆಯ ಐಐಟಿಎಂನವರು 1973ರಿಂದ 1986ರ ನಡುವೆ ಬಾರಾಮತಿಯಲ್ಲಿ ಇದನ್ನೇ ಸರಿಯಾಗಿ ಮಾಡಿದ್ದರು. ಎರಡು ಪಕ್ಕಪಕ್ಕದ ಪ್ರದೇಶ, ನಡುವೆ ಒಂದು ಖಾಲಿ ಪಟ್ಟಿ. ಆ ದಿನ ಯಾವ ಕಡೆ ಉಪ್ಪು ಬಿತ್ತಬೇಕು ಅನ್ನೋದು ವಿಜ್ಞಾನಿಯ ಇಷ್ಟ ಅಲ್ಲ, ಚೀಟಿ ಎತ್ತಿದ ಹಾಗೆ. ಹನ್ನೊಂದು ಮಳೆಗಾಲ ಹಾಗೆ ಮಾಡಿ, ಆಮೇಲೆ ಶೇ. 24 ಹೆಚ್ಚು ಅಂತ ಹೇಳಿದರು. ಮೋಡ ಚೆನ್ನಾಗಿರೋ ಕಡೆಗೇ ಬಿತ್ತೋಣ ಅಂತ ಕೈ ಹೋಗುತ್ತಲ್ಲ, ಅದನ್ನು ತಡೆಯೋಕೆ ಚೀಟಿ.

ನಾವು ಹನ್ನೆರಡು ಜನ ಯಂತ್ರಕ್ಕೆ ಅಡ್ವಾನ್ಸ್ ಕೊಡೋ ಮುಂಚೆ ಇದನ್ನೇ ನಮ್ಮ ಹೊಲದಲ್ಲಿ ಮಾಡೋಣ ಅಂತ ನನ್ನ ಸಲಹೆ. ವೈರಿನ ತುದಿಯಲ್ಲಿ ಸಣ್ಣ ಕಡ್ಡಿ ಇರೋ ಡಿಜಿಟಲ್ ಥರ್ಮಾಮೀಟರ್ ಐದು ಬೇಕು, ಒಂದೇ ಕಂಪನಿಯವು. ಮೊದಲು ಐದನ್ನೂ ಒಟ್ಟಿಗೆ ಒಂದು ಬಕೆಟ್ ನೀರಲ್ಲಿ ಬಿಟ್ಟು ಯಾವುದು ಎಷ್ಟು ಹೆಚ್ಚು ಕಡಿಮೆ ತೋರಿಸುತ್ತೆ ಬರೆದಿಟ್ಟುಕೊಳ್ಳೋದು. ಹೊಸದು ಅಂತ ನಂಬಬಾರದು. ಆಮೇಲೆ ಒಂದು ಗಳುವಿಗೆ ಕಟ್ಟೋದು: ನೆಲಕ್ಕೆ ತಾಗಿದ ಹಾಗೆ ಒಂದು, ಗೇಣಿಗೊಂದು, ಮೊಳಕ್ಕೊಂದು, ನಾಲ್ಕಡಿಗೊಂದು, ಆಳೆತ್ತರಕ್ಕೊಂದು. ಕಡ್ಡಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಹೊಳೆಯೋ ವಸ್ತು ಶಾಖ ಕಡಿಮೆ ಬಿಡುತ್ತೆ. ನಾಲ್ಕೈದು ದಿನಕ್ಕೊಮ್ಮೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಗೇಣಿನಲ್ಲಿ ಯಾವ ಕಡ್ಡಿ ಇಟ್ಟರೂ ಚಳಿ ಅಲ್ಲೇ ಜಾಸ್ತಿ ಬಂದರೆ ಅದು ಕಡ್ಡಿಯ ದೋಷ ಅಲ್ಲ.

ಜಾಗ ಎರಡು: ಉತ್ತು ಬಿಟ್ಟ ಬರಿ ನೆಲ, ಪ್ಲಾಸ್ಟಿಕ್ ಹೊದಿಕೆ ಹಾಸಿದ ಪಾತಿ. ಓದೋ ಹೊತ್ತು ರಾತ್ರಿ 9, 12, ಬೆಳಗಿನ ಜಾವ 3, ಐದೂವರೆ. ಜೊತೆಗೆ ಒಂದು ಊದುಬತ್ತಿ ಹಚ್ಚಿ ದೂರದಲ್ಲಿ ಹಿಡಿದು, ಹೊಗೆ ನೆಟ್ಟಗೆ ಹೋಯ್ತೋ ಬಾಗಿತೋ ಬರೆಯೋದು. ನಕ್ಷತ್ರ ಕಾಣ್ತಿತ್ತೋ ಇಲ್ವೋ ಬರೆಯೋದು. ಚೆನ್ನಾಗಿ ಬಂದ ರಾತ್ರಿ ಇಟ್ಟುಕೊಂಡು ಬಾರದ ರಾತ್ರಿ ಬಿಡೋ ಹಾಗಿಲ್ಲ, ಇಪ್ಪತ್ತೂ ರಾತ್ರಿ ಬುಕ್ಕಿಗೆ ಬರಬೇಕು.

ನೀರಿನದೂ ನೋಡಿಬಿಡೋಣ. ಚಳಿ ಜೋರಿರೋ ದಿನ ಸಂಜೆ ತೆಳುವಾಗಿ ನೀರು ಕೊಡಿ ಅಂತ ಹವಾಮಾನ ಇಲಾಖೆಯ ಸಲಹೆಯಲ್ಲಿ ಬರುತ್ತೆ. ಒದ್ದೆ ಮಣ್ಣು ಹಗಲಿನ ಶಾಖ ಹೆಚ್ಚು ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತೆ ಅನ್ನೋ ಲೆಕ್ಕ. ಆದರೆ ಒದ್ದೆ ಮಣ್ಣಿನಿಂದ ಇಬ್ಬನಿ ಹೆಚ್ಚಾಗಿ ರೋಗ ಹೆಚ್ಚಾದರೆ? ನಮ್ಮ ಮಣ್ಣಲ್ಲಿ ಯಾವುದು ಗೆಲ್ಲುತ್ತೆ ಅಂತ ನಮ್ಮ ಮಣ್ಣಲ್ಲೇ ನೋಡಬೇಕು. ಎರಡು ಒಟ್ಲು ಪಾತಿ, ನಡುವೆ ನಾಲ್ಕು ಮಾರು ಬರಿ ಜಾಗ, ಯಾವ ಪಾತಿಗೆ ನೀರು ಅಂತ ನಾಣ್ಯ ಚಿಮ್ಮಿ ತೀರ್ಮಾನ. ಇವತ್ತು ಕೊಟ್ಟ ನೀರು ನಾಳೆಗೂ ಮಣ್ಣಲ್ಲಿ ಉಳಿಯುತ್ತೆ, ಅದಕ್ಕೆ ನಾಲ್ಕು ದಿನಕ್ಕೊಂದು ಸಲ ಮಾತ್ರ ಚಿಮ್ಮೋದು. ಮೊದಲ ವರ್ಷ ಲೆಕ್ಕ ಸಾಲದೆ ಹೋಗಬಹುದು, ಬಾರಾಮತಿಯವರಿಗೆ ಹನ್ನೊಂದು ಮಳೆಗಾಲ ಬೇಕಾಯ್ತು.

ಡಿಸೆಂಬರ್ 15ರಿಂದ ಶುರು ಮಾಡಿದರೆ ಸಂಕ್ರಾಂತಿಯೊಳಗೆ ಇಪ್ಪತ್ತು ರಾತ್ರಿ ಸಿಗುತ್ತೆ. ಗಳು, ಬಕೆಟ್, ಬುಕ್ಕು ನನ್ನದು. ರಾತ್ರಿ 9 ಮತ್ತು 12 ನಾನು ನೋಡ್ತೀನಿ. ಬೆಳಗಿನ ಜಾವ 3ಕ್ಕೆ ಏಳೋರು ಬೇಕು. ಹೇಗೂ ಆ ಹೊತ್ತಿಗೆ ಕರೆಂಟ್ ಬಂದಾಗ ಮೋಟಾರ್ ಹಾಕೋಕೆ ಏಳ್ತೀರಲ್ಲ, ಅಂಥವರು ಇಬ್ಬರು ಕೆಳಗೆ ಹೆಸರು ಹಾಕಿ. ಯಂತ್ರದ ಹುಡುಗನಿಗೆ ಜನವರಿ 20ರ ಮೇಲೆ ಬಾ ಅಂದಿದ್ದೀನಿ.